ಕಫ ತೆಗೆಯಲು ಆಂಬು ಬ್ಯಾಗ್, ಕಾಫ್ ಅಸಿಸ್ಟ್, ಸಕ್ಷನ್: ನಮ್ಮ ಮನೆಯಲ್ಲಿ ಯಾವುದು ನಡೆಯಿತು

ಮೊದಲೇ ಹೇಳಿಬಿಡುತ್ತೇನೆ, ನಾನು ಆಂಬು ಬ್ಯಾಗಿನ, ಅಂದರೆ ಕೈಯಲ್ಲಿ ಹಿಚುಕಿ ಉಸಿರು ಕೊಡುವ ಚೀಲದ ಪಕ್ಷ. ಲಕ್ಷಗಟ್ಟಲೆ ಬೆಲೆಯ ಕಾಫ್ ಅಸಿಸ್ಟ್ ಯಂತ್ರವನ್ನು ಬಾಡಿಗೆಗೆ ತಂದು ನೋಡಿದ ಮೇಲೂ ಅದೇ ಮಾತು.

ನಮ್ಮ ಮಾವನಿಗೆ ಎಎಲ್‌ಎಸ್. ನರಗಳು ಸೋತು ಸ್ನಾಯುಗಳ ಬಲ ಕುಂದುತ್ತಾ ಹೋಗುವ ಕಾಯಿಲೆ ಅದು. ಕೈಯಲ್ಲಿ ಶುರುವಾದದ್ದು ಈಗ ಎದೆಗೆ ಬಂದಿದೆ. ಮಾತು ಸ್ವಲ್ಪ ಎಳೆಯುತ್ತದೆ, ಊಟ ಸದ್ಯ ಬಾಯಿಂದಲೇ. ರಾತ್ರಿ ಬೈಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಯಂತ್ರ, ಹಾಕುತ್ತೇವೆ. ಆದರೆ ಬೈಪ್ಯಾಪ್ ಉಸಿರಾಟಕ್ಕೆ ಆಸರೆ ಅಷ್ಟೇ, ಕಫ ತೆಗೆಯುವುದಿಲ್ಲ. ಕೆಮ್ಮಬೇಕಾದರೆ ಮೊದಲು ಎದೆ ತುಂಬ ಗಾಳಿ ಎಳೆದುಕೊಳ್ಳಬೇಕು, ಆಮೇಲೆ ಜೋರಾಗಿ ಹೊರಗೆ ತಳ್ಳಬೇಕು. ಎರಡಕ್ಕೂ ಸ್ನಾಯುವಿನ ಬಲ ಬೇಕು. ಈ ಕಾಯಿಲೆ ಕಸಿದುಕೊಳ್ಳುವುದೇ ಅದನ್ನು.

ಫಿಸಿಯೋ ಮೇಡಂ ಪೀಕ್ ಫ್ಲೋ ಮೀಟರಿಗೆ ಕೆಮ್ಮಿಸಿ ನೋಡಿದರು. ಆಸ್ತಮಾದವರು ಊದುವ ಅದೇ ಪ್ಲಾಸ್ಟಿಕ್ ಮೀಟರು. ಕೆಮ್ಮಿನ ಗಾಳಿಯ ವೇಗ ನಿಮಿಷಕ್ಕೆ 270 ಲೀಟರಿಗಿಂತ ಕಡಿಮೆ ಬಂದರೆ ಶೀತವಾದಾಗ ಕಷ್ಟ. 160ಕ್ಕಿಂತ ಕೆಳಗಿದ್ದರೆ ಮಾಮೂಲಿ ದಿನಗಳಲ್ಲೂ ಕಫ ಮೇಲೆ ಬರುವುದಿಲ್ಲ. ಮಾವ ಇವೆರಡರ ನಡುವೆ ಇದ್ದಾರೆ.

ಪೈಪಿನಿಂದ ಹೀರಿ ತೆಗೆಯುವ ಸಕ್ಷನ್ ಯಂತ್ರದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಬಾಯಿಯ ಜೊಲ್ಲಿಗೆ, ಗಂಟಲವರೆಗೆ ಬಂದ ಕಫಕ್ಕೆ ಅದು ಬೇಕೇ ಬೇಕು. ಎದೆಯೊಳಗೆ ಕೂತದ್ದನ್ನು ಅದು ಮುಟ್ಟುವುದೂ ಇಲ್ಲ. ಮೂರರಲ್ಲಿ ಅದನ್ನು ಒಂದು ಆಯ್ಕೆ ಅಂತ ಅಂಗಡಿಯವರು ತೋರಿಸಿದರೆ ನಂಬಬೇಡಿ. ಹೀರಿದ್ದು ಸೇರುವ ಜಾರ್ ತೊಳೆಯುವ ಕೆಲಸ ಬೇರೆ.

ಕಾಫ್ ಅಸಿಸ್ಟ್ ತಂದದ್ದು ಮಳೆಗಾಲದಲ್ಲಿ, ಮಾವನಿಗೆ ಶೀತ ಎದೆಗಿಳಿದಾಗ. ಮಾಸ್ಕಿನ ಮೂಲಕ ಗಾಳಿಯನ್ನು ಒಳಗೆ ಒತ್ತುತ್ತದೆ, ಮರುಕ್ಷಣವೇ ಹೊರಗೆ ಎಳೆಯುತ್ತದೆ. ಕಡಿಮೆ ಒತ್ತಡದಿಂದ ಶುರು ಮಾಡಿ 40 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಏರಿಸಿದರು. ಸುಳ್ಳು ಯಾಕೆ ಹೇಳಲಿ, ಆ ವಾರ ಅದು ತೆಗೆದಷ್ಟು ಕಫವನ್ನು ಬೇರೆ ಯಾವುದೂ ತೆಗೆಯುತ್ತಿರಲಿಲ್ಲ. ಆದರೆ ಬಾಡಿಗೆ ನಮ್ಮ ಹೋಂ ನರ್ಸ್ ಸಂಬಳದ ಹತ್ತಿರ ಹತ್ತಿರ. ನಮಗೆ ಸಿಕ್ಕಿದ್ದಕ್ಕೆ ಬ್ಯಾಟರಿ ಇರಲಿಲ್ಲ. ಉಡುಪಿಯ ಮಳೆಗೆ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತು, ಇನ್ವರ್ಟರ್ ಮೇಲೆ ಬೈಪ್ಯಾಪ್ ಮೊದಲೇ ಕೂತಿದೆ. ಇನ್ನೊಂದು ವಿಷಯ: ಮಾತು, ನುಂಗುವುದು ಜಾಸ್ತಿ ಕೆಟ್ಟವರಲ್ಲಿ ಗಾಳಿಯ ಒತ್ತಡಕ್ಕೆ ಗಂಟಲೇ ಮುಚ್ಚಿಕೊಳ್ಳುವುದುಂಟು. ಹಾಗಾಗಿ ಸೆಟ್ಟಿಂಗ್ ಗೊತ್ತಿರುವವರೇ ಕೂತು ಹೊಂದಿಸಬೇಕು. ಯಂತ್ರ ತಂದುಕೊಟ್ಟ ಹುಡುಗನ ಕೆಲಸ ಅಲ್ಲ ಅದು.

ಇನ್ನು ನಮ್ಮ ಆಂಬು ಬ್ಯಾಗ್. ಡೆನ್ಮಾರ್ಕಿನಲ್ಲಿ 1956ರಲ್ಲಿ ಬಂದ, ತುರ್ತಿಗೆ ಉಸಿರು ಕೊಡುವ ಅದೇ ಚೀಲ. ಮಾವ ತಾವೇ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಅದನ್ನು ಬಿಡುವ ಮೊದಲೇ ನಾನು ಬ್ಯಾಗ್ ಹಿಚುಕುತ್ತೇನೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಎದೆ ತುಂಬಿತು ಅಂದರೆ ಹುಬ್ಬು ಏರಿಸುತ್ತಾರೆ, ಕೈ ಸನ್ನೆ ಈಗ ಆಗುವುದಿಲ್ಲ. ಬ್ಯಾಗಿಗೆ ಜೋಡಿಸಿದ ಬಾಯಿಯ ಪೈಪು ತೆಗೆದ ಕೂಡಲೇ ಕೆಮ್ಮು. ಅದೇ ಹೊತ್ತಿಗೆ ಅತ್ತೆ ಪಕ್ಕೆಲುಬಿನ ಕೆಳಗೆ ಹೊಟ್ಟೆಯನ್ನು ಮೇಲ್ಮುಖವಾಗಿ ಒತ್ತುತ್ತಾರೆ. ಬೆಳಿಗ್ಗೆ ಗಂಜಿಗೆ ಮೊದಲು, ಸಂಜೆ ಚಹಾಕ್ಕೆ ಮೊದಲು. ಹೊಟ್ಟೆ ತುಂಬಿದಾಗ ಮಾಡಲೇಬಾರದು.

ಕೇಳಲು ಸುಲಭ ಅಲ್ವಾ? ತಲೆನೋವು ಇದ್ದದ್ದು ವಾಲ್ವ್‌ನದ್ದು.

ಅಂಗಡಿಯಲ್ಲಿ ಸಿಗುವ ಬ್ಯಾಗಿನಲ್ಲಿ ನೀವು ಕೊಟ್ಟ ಗಾಳಿ ಹೊರಗೆ ಹೋಗಲು ದಾರಿ ಇರುತ್ತದೆ. ತುರ್ತಿನಲ್ಲಿ ಇರಲೇಬೇಕು. ಆದರೆ ನಮಗೆ ಬೇಕಾದದ್ದು ಒಂದರ ಮೇಲೊಂದು ಉಸಿರು ಪೇರಿಸುವುದು. ಗಂಟಲು ಗಟ್ಟಿ ಇರುವವರು ಉಸಿರು ಹಿಡಿದುಕೊಂಡು ಇದರಲ್ಲೇ ನಿಭಾಯಿಸುತ್ತಾರೆ. ಮಾವನಿಗೆ ಆಗಲಿಲ್ಲ. ಬಾಯಿ ಕಟ್ಟದ ಬಲೂನಿಗೆ ಊದಿದ ಹಾಗೆ, ಎರಡನೇ ಸಲ ಹಿಚುಕುವುದರೊಳಗೆ ಮೊದಲನೆಯದ್ದು ಸೋರಿಹೋಗುತ್ತಿತ್ತು.

ಇದಕ್ಕೆ ಬ್ಯಾಗಿಗೂ ಬಾಯಿಯ ಪೈಪಿಗೂ ನಡುವೆ ಒನ್‌ವೇ ವಾಲ್ವ್ ಹಾಕಬೇಕು. ಗಾಳಿ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್. ಉಡುಪಿಯಲ್ಲಿ ಕೇಳಿದರೆ "ಅದೆಂತ ವಾಲ್ವ್?" ಅಂದರು. ಮಂಗಳೂರಿನಲ್ಲಿ ಹಂಪನಕಟ್ಟೆಯಿಂದ ಫಳ್ನೀರ್‌ವರೆಗೆ ಸರ್ಜಿಕಲ್ ಅಂಗಡಿ ಸುತ್ತಿದೆ. ಒಬ್ಬರು ತುಂಬಾ ಧೈರ್ಯದಿಂದ ಪೀಪ್ ವಾಲ್ವ್ ಕೊಟ್ಟರು. ಅದು ಬೇರೆಯೇ ವಸ್ತು, ಉಸಿರು ಹೊರಗೆ ಹೋಗುವ ಕಡೆ ಒತ್ತಡ ಉಳಿಸುವುದಕ್ಕೆ. "ಎಲ್ಲ ಒಂದೇ ಮೇಡಂ, ಹೊಂದುತ್ತದೆ" ಅಂದರು. ಹೊಂದುವುದು ಹೊಂದಿತು, ಕೆಲಸ ಮಾತ್ರ ಆಗಲಿಲ್ಲ. ವಾಪಸ್ ತೆಗೆದುಕೊಳ್ಳಲೂ ಇಲ್ಲ. ಕೊನೆಗೆ ಫಿಸಿಯೋ ಮೇಡಂ ತರಿಸಿಕೊಟ್ಟರು, 22 ಮಿಲಿಮೀಟರ್ ಪೈಪಿಗೆ ಕೂರುವಂಥದ್ದು. ಕೊಳ್ಳುವಾಗ ಈ ಅಳತೆ ಹೇಳಿ, ಸುತ್ತಾಟ ಉಳಿಯುತ್ತದೆ.

ವಾಲ್ವ್ ಬಂದ ಮೇಲೆ ಹೊಸ ಭಯ. ಇದನ್ನು ಹಾಕಿದ ಬ್ಯಾಗನ್ನು ಪ್ರಜ್ಞೆ ತಪ್ಪಿದವರಿಗೆ ಉಸಿರು ಕೊಡಲು ಬಳಸಿದರೆ ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ, ಹೊರಗೆ ಬರಲು ದಾರಿಯೇ ಇಲ್ಲ. ಶ್ವಾಸಕೋಶಕ್ಕೆ ಅಪಾಯ. ನಮ್ಮಲ್ಲಿ ಹೋಂ ನರ್ಸ್ ಬದಲಾಗುತ್ತಲೇ ಇರುತ್ತಾರೆ, ಗಾಬರಿಯಲ್ಲಿ ಯಾರು ಯಾವುದನ್ನು ಎತ್ತಿಕೊಳ್ಳುತ್ತಾರೋ! ಅದಕ್ಕೇ ಕೆಂಪು ಟೇಪು ಸುತ್ತಿ "ಕೆಮ್ಮಿಗೆ ಮಾತ್ರ" ಅಂತ ಬರೆದಿದ್ದೇನೆ. ವಾಲ್ವ್ ಇಲ್ಲದ ಇನ್ನೊಂದು ಬ್ಯಾಗ್ ಬೇರೆ ಕಪಾಟಿನಲ್ಲಿದೆ. ಹೊಸ ನರ್ಸ್ ಬಂದರೆ ಮೊದಲು ತೋರಿಸುವುದು ಅದನ್ನೇ.

ಹಿಂದೆ ಯಾವಾಗಲಾದರೂ ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಂಡದ್ದು ಇದ್ದರೆ, ಶ್ವಾಸಕೋಶದಲ್ಲಿ ಗಾಳಿಗುಳ್ಳೆ ಇದ್ದರೆ ಬ್ಯಾಗೂ ಬೇಡ, ಯಂತ್ರವೂ ಬೇಡ, ಡಾಕ್ಟರನ್ನು ಕೇಳದೆ. ಬಂದವರೆಲ್ಲ "ಸ್ವಲ್ಪ ಆಕ್ಸಿಜನ್ ಇಡಿ" ಅನ್ನುತ್ತಾರೆ. ಇಲ್ಲಿ ತೊಂದರೆ ಗಾಳಿ ಒಳಗೆ ಹೊರಗೆ ಆಡಿಸುವ ಸ್ನಾಯುವಿನದ್ದು. ಬರೀ ಆಕ್ಸಿಜನ್ ಕೊಟ್ಟರೆ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಬಹುದು.

ನನಗೆ ಬ್ಯಾಗ್ ಹಿಡಿಸಿದ್ದಕ್ಕೆ ಕಾರಣ ನಮ್ಮ ಮನೆಯ ರೀತಿ. ಬೆಳಿಗ್ಗೆ, ಸಂಜೆ ನಾನು ಇರುತ್ತೇನೆ, ಜೊತೆಗೆ ಅತ್ತೆ. ಕರೆಂಟು ಬೇಡ, ಬಾಡಿಗೆ ಇಲ್ಲ, ಕಾರಿನಲ್ಲಿ ಆಸ್ಪತ್ರೆಗೆ ಹೋಗುವಾಗಲೂ ಆಗುತ್ತದೆ. ಮಾವನಿಗೂ ಅದೇ ಇಷ್ಟ, ಯಂತ್ರ ತನ್ನ ಲಯಕ್ಕೆ ಎಳೆಯುತ್ತದೆ, ನಾನಾದರೆ ಅವರು ಹುಬ್ಬು ಏರಿಸಿದಾಗ ನಿಲ್ಲಿಸುತ್ತೇನೆ. ಅತ್ತೆ ಮಾತ್ರ "ಹಿಚುಕುವುದು ನನ್ನಿಂದ ಆಗುವುದಿಲ್ಲ ಮಾರಾಯ್ತಿ, ಬೆರಳು ನೋಯುತ್ತದೆ" ಅಂದಿದ್ದಾರೆ. ಹಗಲು ಒಬ್ಬರೇ ವಯಸ್ಸಾದವರು ನೋಡಿಕೊಳ್ಳುವ ಮನೆಯಾದರೆ, ದುಡ್ಡು ಹೊಂದಿಸಿ ಯಂತ್ರವನ್ನೇ ತರುವುದು ಮೇಲು.

ಮಾವನ ಮೀಟರು 160ರ ಹತ್ತಿರ ಇಳಿದರೆ, ತುಟಿ ಪೈಪನ್ನು ಬಿಗಿಯಾಗಿ ಹಿಡಿಯದಿದ್ದರೆ ನಾವೂ ಯಂತ್ರಕ್ಕೆ ಹೋಗುವವರೇ. ಕಳೆದ ಸಲದ ಸೆಟ್ಟಿಂಗ್ ಬರೆದ ಚೀಟಿ ಫೈಲಿನಲ್ಲಿದೆ. ಬಾಡಿಗೆಯವರಿಗೆ ಮೇ ತಿಂಗಳಲ್ಲೇ ಹೇಳಿಡುತ್ತೇನೆ, ಮಳೆ ಹಿಡಿದ ಮೇಲೆ ಫೋನ್ ಮಾಡಿದರೆ ಯಂತ್ರ ಬೇರೆಯವರ ಮನೆಯಲ್ಲಿರುತ್ತದೆ.