ಕಿಟಕಿ ತುಂಬ ಬಂಡೆಯೋ, ಟ್ಯಾಂಕ್ ತುಂಬ ನೀರೋ: ಒರೆಗಾನ್‌ನಲ್ಲಿ ನಾವು ನೋಡಿದ ಎರಡು ಮನೆ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ನಾವು ಕೊಂಡದ್ದು ಪಾವೆಲ್ ಬ್ಯೂಟ್ ಅನ್ನುವ ಊರಿನ ಮನೆ. ಇನ್ನೊಂದು ಸಲ ಕೊಳ್ಳುವುದಾದರೂ ಅದನ್ನೇ. ಅದಕ್ಕೂ ಮೊದಲು ಟೆರಬಾನ್ ಊರಿನಲ್ಲಿ ಬಾಡಿಗೆಗಿದ್ದ ಮನೆಯ ಕಿಟಕಿಯಲ್ಲಿ ಕಾಣುತ್ತಿದ್ದ ಸ್ಮಿತ್ ರಾಕ್ ಬಂಡೆಗಳನ್ನು ನೆನೆಸಿಕೊಂಡು ನಮ್ಮವರು ಈಗಲೂ ನಿಟ್ಟುಸಿರು ಬಿಡುತ್ತಾರೆ. ಬಿಡಲಿ.

ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಹತ್ತು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದೆವು. ಆಫೀಸು ಮನೆಯಿಂದಲೇ ಅಂತಾದ ಮೇಲೆ ಬೆಟ್ಟದ ಆಚೆಗೆ ಹೋಗೋಣ ಅನ್ನಿಸಿತು. ಕ್ಯಾಸ್ಕೇಡ್ ಸಾಲು ದಾಟಿದರೆ ಒರೆಗಾನ್ ಬೇರೆಯದೇ ಊರು. ಮೋಡವೆಲ್ಲ ಪಶ್ಚಿಮದ ಕಡೆಯೇ ಸುರಿದು ಖಾಲಿಯಾಗಿರುತ್ತದೆ. ಆಗುಂಬೆ ನೆನೆಯುತ್ತೆ, ಚಳ್ಳಕೆರೆ ಒಣಗುತ್ತೆ ಅಲ್ವಾ, ಹಾಗೆ. ವರ್ಷಕ್ಕೆ 10 ಇಂಚಿನ ಆಸುಪಾಸು ಮಳೆ, ಜೂನಿಪರ್ ಮರ, ಸೇಜ್ ಪೊದೆ, ದನ, ಒಣಹುಲ್ಲಿನ ಪಿಂಡಿ. ನಾನು ಚಳ್ಳಕೆರೆಯವಳು. ಈ ಬಣ್ಣ ನನಗೆ ಹೊಸದಲ್ಲ, ಹಿಮ ಮಾತ್ರ ಹೊಸದು.

ಟೆರಬಾನ್ ಮನೆಯವರು 'ಒಂದು ವರ್ಷ ಬಾಡಿಗೆಗೆ ಇರಿ, ಇಷ್ಟವಾದರೆ ಕೊಳ್ಳಿ' ಅಂದರು. 2022ರ ಸೆಪ್ಟೆಂಬರಿನಲ್ಲಿ ಹೋದೆವು. ನೋಟದ ವಿಷಯದಲ್ಲಿ ಮಾತೇ ಇಲ್ಲ. ಸಂಜೆ ಬಿಸಿಲಿಗೆ ಆ ಬಂಡೆಗಳು ಬೆಲ್ಲದ ಅಚ್ಚಿನ ಬಣ್ಣಕ್ಕೆ ತಿರುಗುತ್ತವೆ. ಮೊದಲ ಮೂರು ತಿಂಗಳು ಬಂದ ನೆಂಟರಿಗೆಲ್ಲ ಕಿಟಕಿ ತೋರಿಸಿದ್ದೇ ಕೆಲಸ.

ನೀರು ಮಾತ್ರ ಪಾಲಿನದು. ಒಂದು ಬೋರು, ಮೂರು ಮನೆ. ಬೋರಿದ್ದದ್ದು ಪಕ್ಕದವರ ಜಾಗದಲ್ಲಿ. ಒಪ್ಪಂದ ಅಂತ ಒಂದೇ ಹಾಳೆ. ಕರೆಂಟ್ ಬಿಲ್ಲು ಮೂರು ಪಾಲು ಅಂತಷ್ಟೇ ಬರೆದಿತ್ತು. ರಿಪೇರಿ ಯಾರು ಮಾಡಿಸಬೇಕು, ಯಾರನ್ನು ಕೇಳಬೇಕು, ಒಂದಕ್ಷರವಿಲ್ಲ. ಏಜೆಂಟ್ 'ಇಲ್ಲೆಲ್ಲ ಹೀಗೇ' ಅಂದರು. ನಾವೂ ತಲೆಯಾಡಿಸಿದೆವು.

ಪಂಪ್‌ಹೌಸ್ ಅಂದರೆ ನಮ್ಮೂರಿನ ಮೋಟ್ರು ಮನೆಯಷ್ಟೇ ದೊಡ್ಡ ಹಲಗೆ ಗೂಡು. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟದಂತೆ ಒಳಗೆ ಒಂದು ಬಲ್ಬು ಉರಿಯುತ್ತಿರುತ್ತದೆ. ಹೀಟರ್ ಅಲ್ಲ, ಹಳೇ ಕಾಲದ ಬಿಸಿಯಾಗುವ ಬಲ್ಬು. ಜನವರಿಯ ಒಂದು ರಾತ್ರಿ ಅದು ಸುಟ್ಟುಹೋಯಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹೋಗಿ ನೋಡಿದರೆ ಪೈಪು ಉದ್ದಕ್ಕೆ ಸೀಳಿತ್ತು, ಸೀಳಿನಲ್ಲಿ ಮಂಜುಗಡ್ಡೆಯ ನಾಲಿಗೆ ಹೊರಗೆ ಬಂದಿತ್ತು.

ಬೋರಿರುವ ಮನೆಯವರು ಚಳಿಗಾಲಕ್ಕೆ ಅರಿಜೋನಾಕ್ಕೆ ಹೋಗಿದ್ದರು, ಫೋನ್ ಎತ್ತಲಿಲ್ಲ. ಮೂರನೇ ಮನೆಯವರು 'ಅವರ ಜಾಗ, ನಾನು ಕೈ ಹಾಕಲ್ಲ' ಅಂದರು. ಪ್ಲಂಬರ್ ಬಂದವನು 'ಮಾಲೀಕರ ಒಪ್ಪಿಗೆ ಇಲ್ಲದೆ ಮುಟ್ಟಲ್ಲ' ಅಂತ ವಾಪಸ್ ಹೋದ. ನಾಲ್ಕು ದಿನ. ಕುಡಿಯೋಕೆ ಅಂಗಡಿಯ ಕ್ಯಾನು, ಬಚ್ಚಲಿಗೆ ಹಿಮ. ಬಿಸಿಬೇಳೆಬಾತ್ ಮಾಡುವ ದೊಡ್ಡ ಪಾತ್ರೆಗೆ ಹಿಮ ತುಂಬಿ ಒಲೆ ಮೇಲಿಟ್ಟರೆ ಕೊನೆಗೆ ತಳದಲ್ಲಿ ಎರಡು ಲೋಟ ನೀರು, ಅದರಲ್ಲಿ ಎರಡು ಜೂನಿಪರ್ ಎಲೆ. ಒಂದು ಸಲ ಫ್ಲಶ್ ಮಾಡಲು ಎಷ್ಟು ಪಾತ್ರೆ ಬೇಕು, ಲೆಕ್ಕ ಹಾಕಿ. ಅಷ್ಟು ಹೊತ್ತೂ ಕಿಟಕಿಯಲ್ಲಿ ಸ್ಮಿತ್ ರಾಕ್ ಹಿಮ ಹೊದ್ದು ಕುಳಿತಿತ್ತು. ಚೆನ್ನಾಗಿಯೇ ಕಾಣುತ್ತಿತ್ತು, ಇಲ್ಲ ಅನ್ನಲಾರೆ.

ಮೇ ತಿಂಗಳಲ್ಲಿ ಪಾವೆಲ್ ಬ್ಯೂಟ್ ಮನೆ ನೋಡಿದೆವು. ಈ ಸಲ ಕಿಟಕಿ ಕಡೆ ಹೋಗಲೇ ಇಲ್ಲ, ಸೀದಾ ಪಂಪ್‌ಹೌಸಿಗೆ. ಸ್ವಂತ ಬೋರು, 540 ಅಡಿ. ಮನೆ ಮಾರುವಾಗ ಬೋರಿನ ನೀರಿನಲ್ಲಿ ಆರ್ಸೆನಿಕ್, ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆಯಾ ಅಂತ ಮಾರುವವರೇ ಪರೀಕ್ಷೆ ಮಾಡಿಸಬೇಕು ಅಂತ ಒರೆಗಾನ್‌ನಲ್ಲಿ ಕಾಯ್ದೆ ಇದೆ. ನೀರು ಎಷ್ಟು ಬರುತ್ತೆ ಅನ್ನುವುದು ಆ ಪರೀಕ್ಷೆಯಲ್ಲಿಲ್ಲ. ಅದನ್ನು ನಾವೇ ದುಡ್ಡು ಕೊಟ್ಟು ಮಾಡಿಸಿದೆವು, ನಾಲ್ಕು ಗಂಟೆ ಪಂಪ್ ಓಡಿಸಿ. ಬೋರು ಕೊರೆದಾಗ ಕೊಟ್ಟ ವರದಿ ರಾಜ್ಯದ ಜಲಸಂಪನ್ಮೂಲ ಇಲಾಖೆಯ ವೆಬ್‌ಸೈಟಿನಲ್ಲಿ ಸಿಕ್ಕಿತು. ಅದರಲ್ಲಿ ನಿಮಿಷಕ್ಕೆ 20 ಗ್ಯಾಲನ್ ಅಂತಿತ್ತು, ಈಗ ಬಂದದ್ದು 8.

ಅಪ್ಪನಿಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ: 'ಎಷ್ಟು ಇಂಚು ನೀರಮ್ಮ?' ಇಲ್ಲಿ ಇಂಚಿನ ಲೆಕ್ಕ ಇಲ್ಲ ಅಪ್ಪಾ, ನಿಮಿಷಕ್ಕೆ ಎರಡು ಬಿಂದಿಗೆ ಅಂದೆ. 'ಆಳ?' ಹೇಳಿದೆ. 'ಅಷ್ಟಕ್ಕೇ ಸಿಕ್ಕಿತಾ! ತಗೊಂಡುಬಿಡು. ಒಂದು ತೊಟ್ಟಿ ಕಟ್ಟಿಸು.' ತೊಟ್ಟಿ ಅಲ್ಲ, 1,500 ಗ್ಯಾಲನ್ ಟ್ಯಾಂಕ್ ಇಡಿಸಿದೆವು. ರಾತ್ರಿಯೆಲ್ಲ ನಿಧಾನವಾಗಿ ತುಂಬುತ್ತೆ, ಹಗಲು ಬಳಸುತ್ತೇವೆ.

ಇನ್ನೊಂದು ಲಾಭ ನಾಲೆ ನೀರು. ಮನೆಬಳಕೆಯ ಬೋರಿನಿಂದ ಅರ್ಧ ಎಕರೆಗಿಂತ ಜಾಸ್ತಿ ಹುಲ್ಲು, ತೋಟಕ್ಕೆ ನೀರು ಬಿಡುವಂತಿಲ್ಲ. ಟೆರಬಾನ್‌ನಲ್ಲಿ ಐದು ಎಕರೆ ಇದ್ದೂ ನಾಲ್ಕೂವರೆ ಬರೀ ದೂಳು. ಇಲ್ಲಿ ಮೂರು ಎಕರೆಗೆ ನಾಲೆಯ ಹಕ್ಕಿದೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಹಕ್ಕು ಹಳೆಯದಾದಷ್ಟೂ ಒಳ್ಳೆಯದು. ನಮ್ಮ ನಾಲೆಯದ್ದು 1900 ಮತ್ತು 1907ರದ್ದು. ಪಕ್ಕದ ನಾರ್ತ್ ಯೂನಿಟ್ ಅನ್ನುವ ನಾಲೆಯವರದ್ದು 1913. ಬರ ಬಂದರೆ ಮೊದಲ ಪೆಟ್ಟು ಅವರಿಗೆ. ಆದರೆ ಸತತ 5 ವರ್ಷ ಬಳಸದೆ ಬಿಟ್ಟರೆ ಹಕ್ಕೇ ಹೋಗಬಹುದು. ಹಾಗಾಗಿ ಪಕ್ಕದ ರಾಂಚಿನವರು ನಮ್ಮ ಮೂರು ಎಕರೆಯಲ್ಲಿ ಹುಲ್ಲು ಬೆಳೆದು ಕೊಯ್ದುಕೊಳ್ಳುತ್ತಾರೆ. ನಮಗೆ ಗೊಬ್ಬರ ಕೊಡುತ್ತಾರೆ.

ನೋಟ? ತ್ರೀ ಸಿಸ್ಟರ್ಸ್ ಶಿಖರಗಳಲ್ಲಿ ಎರಡು ಕಾಣುತ್ತವೆ. ಮೂರನೆಯದು ಪಕ್ಕದವರ ಹುಲ್ಲಿನ ಕೊಟ್ಟಿಗೆಯ ಹಿಂದೆ.

ಮನೆ ವಿಮೆ ಎರಡು ಕಡೆಯೂ ತಲೆನೋವೇ. ಕಾಡ್ಗಿಚ್ಚಿನ ಭಯಕ್ಕೆ ವಿಮೆಯವರು ಗೋಡೆಗೆ ಹತ್ತಿರ ಇದ್ದ ಜೂನಿಪರ್ ಕಡಿಸಿದ ಮೇಲೇ ಒಪ್ಪಿದರು. ಇಂಟರ್‌ನೆಟ್ ಎರಡರಲ್ಲೂ ಸುಮಾರು. ಫೆಬ್ರುವರಿಯಲ್ಲಿ ಹಸು ಕರು ಹಾಕುವ ಕಾಲ, ರಾತ್ರಿಯಿಡೀ ಅಂಬಾ. ನನಗೆ ಅದೇ ಜೋಗುಳ, ನಮ್ಮವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ.

ಇನ್ನೂ ದಕ್ಷಿಣಕ್ಕೆ ಕ್ರಿಸ್‌ಮಸ್ ವ್ಯಾಲಿ ಅನ್ನುವ ಊರಿನಲ್ಲಿ ಕಾಸಿಗೆ 20 ಎಕರೆ ಸಿಗುತ್ತಿತ್ತು, ಅದನ್ನೂ ನೋಡಲು ಹೋಗಿದ್ದೆವು. ಕಾರಿನ ಬಾಗಿಲು ತೆಗೆದೆ, ಗಾಳಿ ಬಾಗಿಲನ್ನೇ ಕಿತ್ತುಕೊಳ್ಳೋಕೆ ಬಂತು. ವಾಪಸ್ ಬಂದೆವು.

ಟೆರಬಾನ್ ಮನೆಗಿಂತ ಇದು 60,000 ಡಾಲರ್ ಕಡಿಮೆ. ನೋಟವೇ ಬೇಕು, ವರ್ಷಕ್ಕೆ ನಾಲ್ಕು ತಿಂಗಳು ಬಂದಿದ್ದು ಹೋಗುತ್ತೀರಿ ಅಂದರೆ ಟೆರಬಾನ್ ಕಡೆ ನೋಡಿ, ಬೋರು ಸ್ವಂತದ್ದಾಗಿರಲಿ. ನಾವು ವರ್ಷವಿಡೀ ಇರುವವರು. ಮೆಂತ್ಯ, ಬೆಳ್ಳುಳ್ಳಿ ಹಾಕುವವರು, ದಿನಾ ಎರಡು ಹೊತ್ತು ಪಾತ್ರೆ ತೊಳೆಯುವವರು. ನಮ್ಮವರು ತಿಂಗಳಿಗೊಂದು ಭಾನುವಾರ ಕಾರು ತೆಗೆದುಕೊಂಡು ಹೋಗಿ, ಪಾರ್ಕಿಂಗಿಗೆ ದುಡ್ಡು ಕೊಟ್ಟು ಸ್ಮಿತ್ ರಾಕ್ ನೋಡಿಕೊಂಡು ಬರುತ್ತಾರೆ. ನಾನು ನಮ್ಮ ಪಂಪ್‌ಹೌಸಿನಲ್ಲಿ ಎರಡು ಬಲ್ಬು ಹಾಕಿದ್ದೇನೆ.