ಡುಕಾಟಿ 900 ಎಸ್‌ಎಸ್, ಗುಟ್ಸಿ ಲೆ ಮಾನ್ಸ್: ಎರಡನ್ನೂ ಓಡಿಸಿ ನೋಡಿದ ಮೇಲೆ

ಎಪ್ಪತ್ತರ ದಶಕದ ಇಟಲಿಯ ಸ್ಪೋರ್ಟ್ಸ್ ಬೈಕ್ ಅಂದರೆ ಮಾತು ಈ ಎರಡರ ಹತ್ತಿರ ಬಂದೇ ಬರುತ್ತದೆ. (ಲಾವೆರ್ಡಾ ಅಭಿಮಾನಿಗಳು ಸಿಟ್ಟಾಗಬೇಡಿ, ಅದನ್ನು ನಾನು ಓಡಿಸಿಲ್ಲ.) ಬೊಲೊನ್ಯಾದ ಗೆಳೆಯರೊಬ್ಬರ ಹತ್ತಿರ ಎರಡೂ ಇವೆ. ಅಲ್ಲಿಂದ ಫ್ಲಾರೆನ್ಸ್ ಕಡೆ ಹೋಗುವ ಫೂಟಾ ಘಾಟಿಯಲ್ಲಿ ಒಂದಾದ ಮೇಲೊಂದು ಓಡಿಸಿದೆ.

ಡುಕಾಟಿ 864 ಸಿಸಿ, ಗುಟ್ಸಿ 844 ಸಿಸಿ. ಎರಡಕ್ಕೂ 90 ಡಿಗ್ರಿಯಲ್ಲಿ ಕೂತ ಜೋಡಿ ಸಿಲಿಂಡರ್, ಐದು ಗೇರ್. ಆದರೆ ಡುಕಾಟಿಯಲ್ಲಿ ಸಿಲಿಂಡರ್‌ಗಳು ಒಂದರ ಹಿಂದೆ ಒಂದು. ಗುಟ್ಸಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಹೊರಗೆ ಚಾಚಿವೆ.

ಗೆಳೆಯರ ಡುಕಾಟಿಗೆ ಕಿಕ್ಕರ್ ಮಾತ್ರ. ಸರಿಯಾಗಿ ಒದೆಯದಿದ್ದರೆ ಅದೇ ವಾಪಸ್ ಒದೆಯುತ್ತದೆ! ಗುಟ್ಸಿಗೆ ಬಟನ್ ಇದೆ. ನಿಂತಲ್ಲೇ ಆಕ್ಸಿಲರೇಟರ್ ತಿರುವಿದರೆ ಇಡೀ ಗಾಡಿ ಬಲಕ್ಕೆ ವಾಲುತ್ತದೆ. ಮೊದಲ ಸಲ ಗಾಬರಿಯಾಗುತ್ತದೆ, ಆಮೇಲೆ ಸುಮ್ನೆ ಮಜಾಕ್ಕೆ ತಿರುವುತ್ತೀರಿ.

ನಿಜವಾದ ವ್ಯತ್ಯಾಸ ತಿರುವಿನಲ್ಲಿ. ಡುಕಾಟಿ ನಿಧಾನವಾಗಿ ವಾಲುತ್ತದೆ, ತೋಳಿಗೆ ಸ್ವಲ್ಪ ಕೆಲಸ. ಒಮ್ಮೆ ವಾಲಿತೋ, ರೈಲು ಹಳಿ ಹಿಡಿದ ಹಾಗೆ. ಮಧ್ಯದಲ್ಲಿ ರಸ್ತೆ ಕಿತ್ತುಹೋಗಿದ್ದರೂ ಅಲುಗುವುದಿಲ್ಲ. ಗುಟ್ಸಿಯ ಹಿಂದಿನ ಚಕ್ರ ತಿರುಗಿಸುವುದಕ್ಕೆ ಚೈನ್ ಇಲ್ಲ, ಶಾಫ್ಟ್ (ತಿರುಗುವ ದಂಡ). ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಕುಸಿಯುತ್ತದೆ. ಹಾಗಾಗಿ ಬ್ರೇಕ್, ಗೇರ್ ಎಲ್ಲ ಮೊದಲೇ ಮುಗಿಸಿ, ಆಕ್ಸಿಲರೇಟರ್ ಹಿಡಿದುಕೊಂಡೇ ತಿರುವು ದಾಟಬೇಕು. ಬ್ರೇಕ್ ಕೂಡ ವಿಚಿತ್ರ: ಪೆಡಲ್ ಒತ್ತಿದರೆ ಹಿಂದಿನದರ ಜೊತೆ ಮುಂದಿನ ಒಂದು ಡಿಸ್ಕೂ ಹಿಡಿಯುತ್ತದೆ. ಕೈ ಬ್ರೇಕಿಗೆ ಉಳಿಯುವುದು ಮುಂದಿನ ಇನ್ನೊಂದು ಡಿಸ್ಕ್ ಮಾತ್ರ. ಕಾಲನ್ನು ನಂಬುವುದು ಕಲಿತರೆ ಗಾಡಿ ಮೂಗು ಬಗ್ಗಿಸದೆ ನಿಲ್ಲುತ್ತದೆ.

ಘಾಟಿಯಲ್ಲಿ ಗೆದ್ದದ್ದು ಡುಕಾಟಿ, ಅದರಲ್ಲಿ ಅನುಮಾನ ಇಲ್ಲ. ಆದರೂ ಒಂದನ್ನು ಮನೆಗೆ ಒಯ್ಯಿ ಅಂದರೆ ನಾನು ಗುಟ್ಸಿ ಒಯ್ಯುತ್ತೇನೆ. ಕಾರಣ ಟ್ಯಾಪೆಟ್, ಅಂದರೆ ವಾಲ್ವ್ ಗ್ಯಾಪ್ ಹೊಂದಿಸುವ ಕೆಲಸ. ಎಂಜಿನಿಯರ್ ತಾಲ್ಯೋನಿ ರೂಪಿಸಿದ ಡುಕಾಟಿಯ ಡೆಸ್ಮೊ ಎಂಜಿನ್‌ನಲ್ಲಿ ವಾಲ್ವ್ ಮುಚ್ಚುವುದಕ್ಕೂ ಸ್ಪ್ರಿಂಗ್ ಬದಲು ರಾಕರ್ (ವಾಲ್ವ್ ಆಡಿಸುವ ಸಣ್ಣ ತೋಳು) ಇದೆ. ಪ್ರತಿ ವಾಲ್ವಿಗೆ ಎರಡು ಕಡೆ ಗ್ಯಾಪ್ ನೋಡಬೇಕು, ಅಳತೆಗೆ ಸರಿಯಾದ ಶಿಮ್ (ಸಣ್ಣ ಲೋಹದ ಬಿಲ್ಲೆ) ಹುಡುಕಿ ಹಾಕಬೇಕು. ಗುಟ್ಸಿಯದು ಸ್ಕ್ರೂ ಮತ್ತು ನಟ್. ಹೆಡ್‌ಗಳು ಹೊರಗೇ ಇರುವುದರಿಂದ ಟ್ಯಾಂಕ್ ಬಿಚ್ಚುವ ಗೋಜಿಲ್ಲ. ಪಕ್ಕದಲ್ಲಿ ಕೂತು ಆರಾಮಾಗಿ ಮಾಡಬಹುದು, ಅಲ್ವಾ? ಹಾಗಂತ ಎಲ್ಲವೂ ಸುಲಭ ಅಲ್ಲ. ಆಯಿಲ್ ಫಿಲ್ಟರ್ ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಒಳಗೆ ಕೂತಿದೆ, ಅದನ್ನು ಬದಲಿಸಲು ಸಂಪನ್ನೇ ಇಳಿಸಬೇಕು.

ಕೊಳ್ಳುವವರಿಗೆ ಒಂದು ಮಾತು. ಬೇರೆ ಮಾಡೆಲ್‌ಗಳನ್ನು ತಿದ್ದಿ ಲೆ ಮಾನ್ಸ್, 900 ಎಸ್‌ಎಸ್ ಅಂತ ಮಾರುವವರಿದ್ದಾರೆ. ಫ್ರೇಮ್, ಎಂಜಿನ್ ನಂಬರ್ ತಾಳೆ ನೋಡಿ. 1976ರ ಮೊದಲ ಲೆ ಮಾನ್ಸ್ ಆದರೆ ಸಿಲಿಂಡರ್ ಬದಲಿಸಿದ್ದಾರಾ ಕೇಳಿ. ಅದರೊಳಗಿನ ಕ್ರೋಮ್ ಲೇಪ ಹಳೆಯದಾದಂತೆ ಸಿಪ್ಪೆ ಏಳುತ್ತದೆ. ನಿಕಾಸಿಲ್ (ನಿಕ್ಕಲ್ ಆಧಾರದ ಗಟ್ಟಿ ಲೇಪ) ಇರುವ ಸಿಲಿಂಡರ್ ಹಾಕಿಸಿದ್ದರೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.