ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸಾಮರ್ಥ್ಯ ಸಿಗುವುದಿಲ್ಲ: ಮುಂಬೈಯ ಒಂದು ‘ಟಿ ಕೋಶ’ ಪ್ಯಾಕೇಜಿನ ವಿಮರ್ಶೆ

ಮಾಟುಂಗಾದಲ್ಲಿರುವ ನನ್ನ ಭಾವ ಕಳೆದ ತಿಂಗಳು 8,500 ರೂಪಾಯಿ ಕೊಟ್ಟು ಒಂದು ಖಾಸಗಿ ಲ್ಯಾಬಿನಿಂದ ಟಿ ಕೋಶಗಳ, ಅಂದರೆ ಸೋಂಕಿನೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ, ಸಾಮರ್ಥ್ಯ ಅಳೆಯುವ ಪ್ಯಾಕೇಜನ್ನು ಮಾಡಿಸಿಕೊಂಡರು. ವರದಿ ಕೈಗೆ ಬಂದ ಸಂಜೆಯೇ ಫೋನ್ ಮಾಡಿ, “ಮಾರಾಯ, ನನಗೆ ಎಪ್ಪತ್ತೊಂದು, ನನ್ನ ರಕ್ತಕ್ಕೆ ಎಪ್ಪತ್ತೊಂಬತ್ತಂತೆ. ಈ ಎಂಟು ವರ್ಷ ಎಲ್ಲಿಂದ ಬಂತು ನೋಡಿ ಹೇಳು” ಎಂದರು. ಇದೇ ಊರಿನ ಲ್ಯಾಬುಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ನಾನು ಡೊಂಬಿವಿಲಿಯಿಂದ ಹೋಗಿ, ಆ ಹನ್ನೊಂದು ಪುಟಗಳನ್ನು ಸಾಲುಸಾಲಾಗಿ ಓದಿದ್ದೇನೆ. ರಕ್ತ ತೆಗೆದ ಬೆಳಿಗ್ಗೆಯೂ ನಾನು ಅವರ ಮನೆಯಲ್ಲೇ ಇದ್ದೆ.

ಮೆಚ್ಚಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗ ಹೇಳಿದ ಹೊತ್ತಿಗೆ ಬಂದ, ಒಂದೇ ಚುಚ್ಚಿಗೆ ರಕ್ತ ತೆಗೆದ, ಎರಡೇ ದಿನಗಳಲ್ಲಿ ವರದಿ ಬಂತು. ಟಿ ಕೋಶಗಳಲ್ಲಿ ಮುಖ್ಯವಾಗಿ ಎರಡು ಬಗೆ: ಉಳಿದ ಕೋಶಗಳಿಗೆ ನೆರವಾಗುವ ಸಿಡಿ4, ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಸಿಡಿ8. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಿಡಿ4 ಕೋಶಗಳು 612, ಸಿಡಿ8 ಕೋಶಗಳು 690 ಎಂದು ಎಣಿಕೆಯನ್ನು ಸ್ಪಷ್ಟವಾಗಿಯೇ ಕೊಟ್ಟಿದ್ದಾರೆ.

ನನ್ನ ತಕರಾರು ಟ್ಯೂಬಿನ ಮುಚ್ಚಳದಿಂದಲೇ ಶುರುವಾಗುತ್ತದೆ. ಹುಡುಗ ತಂದಿದ್ದದ್ದು ನೇರಳೆ ಮುಚ್ಚಳದ ಟ್ಯೂಬು, ಅಂದರೆ ಇಡಿಟಿಎ ಹಾಕಿದ್ದು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಅದರಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ; ಎಣಿಕೆಗೆ ಅದೇ ಸರಿ. ಆದರೆ ಟಿ ಕೋಶವು ಪ್ರಚೋದನೆಗೆ ಓಗೊಡಬೇಕಾದರೆ ಹೊರಗಿನ ಕ್ಯಾಲ್ಸಿಯಂ ಅದರೊಳಕ್ಕೆ ಹರಿಯಲೇಬೇಕಾದ್ದರಿಂದ, ಪ್ರತಿಕ್ರಿಯೆಯನ್ನು ಅಳೆಯುವ ಪರೀಕ್ಷೆಗಳಿಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ರಕ್ತ ತೆಗೆಯುವುದು ರೂಢಿ. ಸಾಲದ್ದಕ್ಕೆ ಆ ಹುಡುಗ ಟ್ಯೂಬನ್ನು ಐಸ್ ಜೆಲ್ ಇದ್ದ ಡಬ್ಬಿಯೊಳಗೆ ಇಟ್ಟುಕೊಂಡ. ಇಂಥ ಮಾದರಿಯನ್ನು ಕೋಣೆಯ ಉಷ್ಣತೆಯಲ್ಲೇ ಸಾಗಿಸಬೇಕಲ್ಲವೇ ಎಂದು ಕೇಳಿದರೆ, “ಸರ್, ಎಲ್ಲಾ ಸ್ಯಾಂಪಲ್ಲೂ ಇದರಲ್ಲೇ” ಎಂದು ನಕ್ಕ. ತಪ್ಪು ಅವನದ್ದಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಸಾಮರ್ಥ್ಯ ಅಳೆಯುವುದೆಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಟಿ ಕೋಶ ಒಂದೇ ಕರೆಗೆ ಏಳುವುದಿಲ್ಲ. ತನ್ನ ಗ್ರಾಹಿಗೆ (ರಿಸೆಪ್ಟರಿಗೆ) ಹೊಂದುವ ಪ್ರೋಟೀನ್ ತುಣುಕು ಎದುರಾಗುವುದು ಮೊದಲ ಸಂಕೇತ. ಅದರ ಮೈಮೇಲಿನ ಸಿಡಿ28 ಎಂಬ ಅಣುವಿಗೆ ಎದುರಿನ ಕೋಶದಿಂದ ಸಿಗುವ ಒಪ್ಪಿಗೆ ಎರಡನೆಯದು. ಎರಡೂ ಕೂಡಿದರೆ ಎಚ್ಚೆತ್ತ ಗುರುತುಗಳಾದ ಸಿಡಿ69 ಕೆಲವೇ ಗಂಟೆಗಳಲ್ಲಿ, ಸಿಡಿ25 ಸುಮಾರು ಒಂದು ದಿನದಲ್ಲಿ ಕೋಶದ ಮೈಮೇಲೆ ಕಾಣಿಸಿಕೊಂಡು, ಬೆಳೆಯಲು ಹೇಳುವ ಪ್ರೋಟೀನಾದ ಇಂಟರ್‌ಲ್ಯೂಕಿನ್-2 ಒಸರಿ, ಕೋಶ ಒಡೆದು ಎರಡಾಗಿ ನಾಲ್ಕಾಗಿ ಬೆಳೆಯತೊಡಗುತ್ತದೆ. ವಯಸ್ಸಾದಂತೆ, ಟಿ ಕೋಶಗಳು ಪಳಗುವ ಥೈಮಸ್ ಗ್ರಂಥಿ ಸೊರಗಿ ಹೊಸ ಕೋಶಗಳು ಬರುವುದು ಕಡಿಮೆಯಾಗುತ್ತದೆ, ಹಳೆಯವುಗಳಲ್ಲಿ, ಮುಖ್ಯವಾಗಿ ಸಿಡಿ8 ಕೋಶಗಳಲ್ಲಿ, ಸಿಡಿ28 ಕಳಚಿಹೋಗುತ್ತದೆ. ಇದನ್ನು ತಿಳಿಯಲು ರಕ್ತವನ್ನು ಪ್ರಚೋದಕದ ಜೊತೆ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಎಚ್ಚೆತ್ತ ಟಿ ಕೋಶಗಳು ಹೊರಬಿಡುವ ಇಂಟರ್‌ಫೆರಾನ್ ಗಾಮಾ ಎಷ್ಟು ಬಂದಿದೆಯೆಂದು ನೋಡಬಹುದು. ಕ್ಷಯದ ಸೋಂಕು ಪತ್ತೆಗೆ ನಮ್ಮ ಲ್ಯಾಬುಗಳು ಮಾಡುವ ಪರೀಕ್ಷೆಯ ತತ್ವವೂ ಇದೇ. ಭಾವನ ವರದಿಯಲ್ಲಿ ಪ್ರಚೋದಕದ ಸುದ್ದಿಯೇ ಇಲ್ಲ, ಸಿಡಿ28 ಕೂಡ ಇಲ್ಲ. ಹಾಜರಿ ಪುಸ್ತಕ ತೋರಿಸಿ ಮಕ್ಕಳ ಅಂಕಪಟ್ಟಿ ಎಂದಂತಾಯಿತು.

ಇನ್ನೂ ವಿಚಿತ್ರವಾದದ್ದು ಏಳನೆಯ ಪುಟ. ಎಚ್‌ಎಲ್‌ಎ-ಡಿಆರ್ ಎಂಬ ಸಕ್ರಿಯತೆಯ ಗುರುತು ಇರುವ ಟಿ ಕೋಶಗಳು ಹೆಚ್ಚಿವೆ ಎಂಬುದಕ್ಕೆ ಹಸಿರು ಬಣ್ಣ ಬಳಿದು ‘ಉತ್ತಮ ಸಕ್ರಿಯತೆ’ ಎಂದು ಬರೆದಿದ್ದಾರೆ. ಯಾವ ಪ್ರಚೋದನೆಯನ್ನೂ ಕೊಡದ ರಕ್ತದಲ್ಲಿ ಈ ಗುರುತು ಹೆಚ್ಚಿದ್ದರೆ ಎಲ್ಲೋ ಸೋಂಕೋ ಉರಿಯೂತವೋ ಇರಬಹುದೆಂದು ವೈದ್ಯರು ಯೋಚಿಸುತ್ತಾರೆಯೇ ಹೊರತು, ಶಾಭಾಸ್ ಎಂದು ಬೆನ್ನು ತಟ್ಟುವುದಿಲ್ಲ.

ಸಿಡಿ4 ಮತ್ತು ಸಿಡಿ8ರ ಅನುಪಾತ 0.89 ಬಂದಿದೆ, ‘ರೋಗನಿರೋಧಕ ವಯಸ್ಸು 79’ ಎಂಬುದಕ್ಕೆ ವರದಿ ಕೊಡುವ ಆಧಾರ ಇದೊಂದೇ. ಅನುಪಾತ ಒಂದಕ್ಕಿಂತ ಕೆಳಗಿಳಿಯುವುದಕ್ಕೂ ಸಾವಿನ ಸಂಭವಕ್ಕೂ ನಂಟಿರುವುದನ್ನು ಸ್ವೀಡನ್ನಿನಲ್ಲಿ 80 ದಾಟಿದವರ ಮೇಲೆ ನಡೆದ ಅಧ್ಯಯನಗಳು ತೋರಿಸಿದ್ದು ನಿಜ. ಆದರೆ ಆ ನಂಟಿನೊಳಗೆ ಸೈಟೋಮೆಗಾಲೋವೈರಸ್ ಹಾಸುಹೊಕ್ಕಾಗಿದೆ. ಒಮ್ಮೆ ಹೊಕ್ಕರೆ ಜೀವನಪರ್ಯಂತ ಉಳಿಯುವ, ನಮ್ಮ ದೇಶದ ಬಹುಪಾಲು ವಯಸ್ಕರಲ್ಲಿರುವ ಈ ವೈರಸ್ಸನ್ನು ಕಾಯುತ್ತ ಕಾಯುತ್ತ ಸಿಡಿ8 ಕೋಶಗಳು ಗುಂಪುಗುಂಪಾಗಿ ಬೆಳೆದಿರುತ್ತವೆ. ಆ ವೈರಸ್ಸಿನ ಪರೀಕ್ಷೆಯನ್ನೇ ಮಾಡದೆ ಒಬ್ಬ ಮನುಷ್ಯನ ಲೆಕ್ಕಕ್ಕೆ ಎಂಟು ವರ್ಷ ಸೇರಿಸುವುದು ಯಾವ ಗಣಿತವೋ ನನಗೆ ಅರ್ಥವಾಗಲಿಲ್ಲ.

ಭಾವನನ್ನು ಸೆಳೆದದ್ದು ಕರಪತ್ರದ ಒಂದು ಸಾಲು: ಕ್ಯಾನ್ಸರ್ ಗುಣಪಡಿಸುವ ಕೋಶಗಳನ್ನೇ ನಾವು ಪರೀಕ್ಷಿಸುತ್ತೇವೆ ಎಂಬುದು. ಪೊವಾಯಿಯ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ರಕ್ತದ ಕ್ಯಾನ್ಸರಿಗಾಗಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿ, 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣೆ ಮಾಡಿದ ಮೇಲೆ ಮುಂಬೈಯಲ್ಲಿ ಇಂಥ ಚಿಕಿತ್ಸೆಯ ಕಾರ್-ಟಿ ಎಂಬ ಹೆಸರು ಮನೆಮಾತಾಗಿದೆ. ಅಂಥ ಚಿಕಿತ್ಸೆಯಲ್ಲಿ ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಸಾಮಾನ್ಯವಾಗಿ ಸಿಡಿ3 ಮತ್ತು ಸಿಡಿ28ಕ್ಕೆ ಅಂಟುವ ಪ್ರತಿಕಾಯಗಳಿಂದ ಪ್ರಚೋದಿಸಿ, ಕ್ಯಾನ್ಸರ್ ಕೋಶವನ್ನು ಗುರುತಿಸಲು ನೆರವಾಗುವ ಜೀನು ಸೇರಿಸಿ, ಬೆಳೆಸಿ ಮರಳಿಸುತ್ತಾರೆ. ಹಲವು ಸುತ್ತು ಕೀಮೋ ಕಂಡು ದಣಿದ ಕೋಶಗಳು ಅಲ್ಲಿ ಸರಿಯಾಗಿ ಬೆಳೆಯದಿರುವುದೂ ಉಂಟು. ಅಲ್ಲಿಯ ಪ್ರಶ್ನೆ ಕೋಶ ಎಷ್ಟಿದೆ ಎನ್ನುವುದಕ್ಕಿಂತ ಕರೆದರೆ ಏಳುತ್ತದೆಯೇ ಎನ್ನುವುದು. ಕರಪತ್ರ ಆ ಚಿಕಿತ್ಸೆಯ ಹೆಸರಿನ ನೆರಳಲ್ಲಿ ನಿಂತಿದೆ, ಪ್ರಶ್ನೆಯನ್ನು ಮುಟ್ಟಿಲ್ಲ.

ಪ್ಯಾಕೇಜಿನೊಂದಿಗೆ ಬರುವ ವೈದ್ಯರ ಫೋನ್ ಸಲಹೆಯನ್ನು ಸ್ಪೀಕರಿನಲ್ಲಿಟ್ಟು ಕೇಳಿದೆವು. ಒಂಬತ್ತು ನಿಮಿಷಗಳಲ್ಲಿ ಆರು ನಿಮಿಷ ಅವರದ್ದೇ ಕಂಪನಿಯ ಕ್ಯಾಪ್ಸೂಲುಗಳಿಗೆ ಹೋಯಿತು. ಸರ್ಪಸುತ್ತಿನ ಲಸಿಕೆಯ ಮಾತೇ ಬರಲಿಲ್ಲ. ಮುಪ್ಪಿನ ಟಿ ಕೋಶಗಳೂ ತಕ್ಕ ಪ್ರಚೋದನೆ ಸಿಕ್ಕರೆ ಚೆನ್ನಾಗಿಯೇ ಸ್ಪಂದಿಸುತ್ತವೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ: ಪ್ರತಿಕ್ರಿಯೆಯನ್ನು ಹೆಚ್ಚಿಸುವ ಬಲವಾದ ಸಹಾಯಕ ದ್ರವ್ಯ ಬೆರೆಸಿದ ಶಿಂಗ್ರಿಕ್ಸ್ ಲಸಿಕೆ, ಎರಡು ಡೋಸುಗಳಲ್ಲಿ, 70 ದಾಟಿದವರಲ್ಲೂ ಸುಮಾರು ಶೇ. 90ರಷ್ಟು ರಕ್ಷಣೆ ಕೊಟ್ಟಿದೆ. ಭಾವನಿಗೆ ಈ ವಿಷಯವನ್ನು ತಮ್ಮ ಹಳೆಯ ಫ್ಯಾಮಿಲಿ ಡಾಕ್ಟರ ಬಳಿ ಕೇಳಲು ಹೇಳಿದ್ದೇನೆ.

ಸೇವೆಯ ಶಿಸ್ತಿಗಾಗಿ ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಸಿಡಿ4, ಸಿಡಿ8 ಎಣಿಕೆ ಮಾತ್ರ ಬೇಕಿದ್ದವರು ಅದನ್ನು ಈ ನಗರದ ಯಾವುದೇ ದೊಡ್ಡ ಲ್ಯಾಬಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಹಣಕ್ಕೆ ಮಾಡಿಸಿಕೊಳ್ಳಬಹುದು. ಪ್ರತಿಕ್ರಿಯೆಯ ಪರೀಕ್ಷೆ ಏಕಿಲ್ಲ ಎಂದು ನಾನು ಬರೆದ ಪತ್ರಕ್ಕೆ ಲ್ಯಾಬಿನಿಂದ ಉತ್ತರ ಬಂದಿದೆ: ಮುಂದಿನ ಸಲ ಇದೇ ಪ್ಯಾಕೇಜ್ ಕೊಂಡರೆ ಶೇ. 20 ರಿಯಾಯಿತಿಯಂತೆ.